ಒಳ್ಳೆಯವರೇ ಸಾಕಲ್ವಾ, ಪಕ್ಷ ಯಾಕೆ ಬೇಕು?

ಪ್ರಶ್ನೆ: ಸರ್, ನಾನು ಶಹಾಪುರ ತಾಲೂಕಿನವನು. ಐದು ವರ್ಷ ಗ್ರಾಮ ಪಂಚಾಯಿತಿ ಸದಸ್ಯನಾಗಿದ್ದೆ. ನಮ್ಮ ಚುನಾವಣೆಗೆ ಪಕ್ಷದ ಚಿಹ್ನೆ ಇರುವುದಿಲ್ಲ. ಆದರೂ ಕೆಲಸ ನಡೆಯಿತು. ಈಗ ತಾಲೂಕು ಪಂಚಾಯಿತಿಗೆ ನಿಲ್ಲಿ ಅಂತ ಎರಡು ಪಕ್ಷದವರು ಕರೆಯುತ್ತಿದ್ದಾರೆ. ನನಗೆ ಅನಿಸುವುದು ಇಷ್ಟೇ. ವಿಧಾನಸಭೆಯವರೆಗೂ ಒಳ್ಳೆಯ ಮನುಷ್ಯರನ್ನು ಪಕ್ಷೇತರರಾಗಿಯೇ ಆರಿಸಿ ಕಳಿಸಿದರೆ ಸಾಲದಾ? ಪಕ್ಷಗಳು ದುಡ್ಡು ತಿನ್ನುವುದು ಬಿಟ್ಟು ಮತ್ತೇನು ಮಾಡುತ್ತವೆ? ನೀವು ಅರ್ಥಶಾಸ್ತ್ರದವರು, ಲೆಕ್ಕ ಹಾಕಿ ಹೇಳಿ.

ಉತ್ತರ: ನಿಮ್ಮ ಪ್ರಶ್ನೆ ನನಗೆ ತುಂಬಾ ಹಿಡಿಸಿತು. ಕಲಬುರಗಿಯಲ್ಲಿ ಮೂವತ್ತು ವರ್ಷ ಅರ್ಥಶಾಸ್ತ್ರ ಕಲಿಸಿದ್ದೇನೆ. ಬ್ಯಾಂಕು, ಬಜೆಟ್ಟು, ಬೆಲೆ ಏರಿಕೆ ಎಲ್ಲಾ ಕೇಳುತ್ತಾರೆ. ಪಕ್ಷ ಯಾಕಿದೆ ಅಂತ ಯಾರೂ ಕೇಳುವುದಿಲ್ಲ. ಮಳೆ, ಬಿಸಿಲಿನ ಹಾಗೆ ಅದೂ ಇದ್ದೇ ಇರುತ್ತದೆ ಅಂದುಕೊಂಡಿರುತ್ತಾರೆ.

ನಮ್ಮ ಸಂವಿಧಾನ ಜಾರಿಗೆ ಬಂದಾಗ ಅದರಲ್ಲಿ ರಾಜಕೀಯ ಪಕ್ಷ ಅನ್ನುವ ಮಾತೇ ಇರಲಿಲ್ಲ. 1985ರಲ್ಲಿ ಪಕ್ಷಾಂತರ ತಡೆಯಲು ಹತ್ತನೇ ಅನುಸೂಚಿ ಸೇರಿಸಿದಾಗ ಅದು ಒಳಗೆ ಬಂತು. ಅಮೆರಿಕದಲ್ಲೂ ಹೀಗೇ ಆಯಿತು. ಪಕ್ಷಗಳು ದೇಶ ಒಡೆಯುತ್ತವೆ ಅಂತ ಜಾರ್ಜ್ ವಾಷಿಂಗ್ಟನ್ 1796ರಲ್ಲಿ ಅಧಿಕಾರ ಬಿಡುವಾಗ ಎಚ್ಚರಿಸಿದರು. ಅಷ್ಟರಲ್ಲಾಗಲೇ ಅವರದೇ ಮಂತ್ರಿಮಂಡಲದಲ್ಲಿದ್ದ ಹ್ಯಾಮಿಲ್ಟನ್ ಮತ್ತು ಜೆಫರ್ಸನ್ ಸುತ್ತ ಎರಡು ಪಕ್ಷ ಕಟ್ಟಿಕೊಂಡಿದ್ದವು. ಯಾರೂ ಹುಟ್ಟಿಸದೆ ತಾನೇ ಹುಟ್ಟಿ, ಬೇಡ ಅಂದರೂ ಉಳಿಯುವ ಏರ್ಪಾಡು ಕಂಡರೆ ಅರ್ಥಶಾಸ್ತ್ರದವರು ಒಂದು ಪ್ರಶ್ನೆ ಕೇಳುತ್ತಾರೆ. ಇದು ಯಾರ ಯಾವ ಖರ್ಚನ್ನು ಉಳಿಸುತ್ತಿದೆ?

ಇದಕ್ಕೆ ಉತ್ತರ ನನಗೆ ಮೊದಲು ಸಿಕ್ಕಿದ್ದು ಪುಸ್ತಕದಲ್ಲಲ್ಲ, ಕಲಬುರಗಿಯ ಗಂಜಿನಲ್ಲಿ, ಅಂದರೆ ಕಾಳುಕಡ್ಡಿ ಮಾರುವ ಪೇಟೆಯಲ್ಲಿ. ರಾಶಿ ಮುಗಿದ ಮೇಲೆ ನಮ್ಮಪ್ಪ ತೊಗರಿ ಚೀಲಗಳನ್ನು ಅಲ್ಲಿಗೆ ತರುತ್ತಿದ್ದರು. ಪ್ರತಿ ವರ್ಷ ಅದೇ ಒಂದು ಅಡತ್ ಅಂಗಡಿ, ಅಂದರೆ ರೈತರ ಮಾಲನ್ನು ಕಮಿಷನ್ ಮೇಲೆ ಮಾರಿಸಿ ಕೊಡುವ ಅಂಗಡಿ. ಒಂದು ವರ್ಷ ಊರಿಗೇ ಬಂದ ಹೊಸ ವ್ಯಾಪಾರಿ ಕ್ವಿಂಟಲ್‌ಗೆ ಸ್ವಲ್ಪ ಜಾಸ್ತಿ ಕೊಡುತ್ತೇನೆ ಅಂದ. ಅಪ್ಪ ಅರ್ಧ ಮಾಲು ಅವನಿಗೆ ಕೊಟ್ಟರು. ಎಂಟು ದಿನದಲ್ಲಿ ಹಣ ಅಂದವನು ಮತ್ತೆ ಕಾಣಲೇ ಇಲ್ಲ. ಮರುವರ್ಷ ಪೂರ್ತಿ ಮಾಲು ಹಳೆಯ ಅಂಗಡಿಗೇ ಹೋಯಿತು. ಈ ಅಡತಿಯವನು ಮೋಸ ಮಾಡುವುದಿಲ್ಲ ಅಂತ ಏನು ಗ್ಯಾರಂಟಿ ಅಂತ ಹುಡುಗನಾಗಿದ್ದ ನಾನು ಕೇಳಿದೆ. ಅಪ್ಪ ಹೇಳಿದರು: "ಅಂವ ಒಳ್ಳೆಯವ ಅಂತಲ್ಲ ತಮ್ಮಾ. ಹೆಸರು ಕೆಟ್ರ ಅಂವ ಅಂಗಡಿ ಮುಚ್ಚಬೇಕಾತದ."

ಅಪ್ಪನಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ರೊನಾಲ್ಡ್ ಕೋಸ್ ಅನ್ನುವ ಬ್ರಿಟಿಷ್ ಅರ್ಥಶಾಸ್ತ್ರಜ್ಞ 1937ರಲ್ಲಿ ಬರೆದದ್ದು ಇದರ ಪಕ್ಕದ ಮಾತೇ. ಪೇಟೆಯಲ್ಲಿ ಎಲ್ಲರೂ ಎಲ್ಲರ ಜೊತೆ ನೇರವಾಗಿ ವ್ಯವಹಾರ ಮಾಡಬಹುದಲ್ಲ, ಹಾಗಾದರೆ ಕಂಪನಿಗಳು ಯಾಕಿವೆ ಅಂತ ಅವರು ಕೇಳಿದರು. ವ್ಯವಹಾರಕ್ಕೇ ಒಂದು ಖರ್ಚು ಇದೆ ಅನ್ನುವುದು ಅವರ ಉತ್ತರ. ಸರಿಯಾದವರನ್ನು ಹುಡುಕಬೇಕು, ಚೌಕಾಸಿ ಮಾಡಬೇಕು, ಕೊಟ್ಟ ಮಾತು ನಡೆಯಿತಾ ಅಂತ ಕಾಯಬೇಕು. ದಿನಾ ಹೊಸಬರ ಜೊತೆ ಇದನ್ನೆಲ್ಲಾ ಮಾಡುವುದಕ್ಕಿಂತ ಒಂದು ಕಾಯಂ ಏರ್ಪಾಡು ಅಗ್ಗವಾದರೆ ಅಲ್ಲಿ ಕಂಪನಿ ಹುಟ್ಟುತ್ತದೆ. ಪಕ್ಷವನ್ನೂ ಹೀಗೇ ನೋಡಿ ಅಂತ ನಾನು ಹೇಳುತ್ತೇನೆ.

ಮೊದಲು ಮತದಾರರ ಖರ್ಚು. ನಮ್ಮ ಕಡೆ ಒಂದು ವಿಧಾನಸಭಾ ಕ್ಷೇತ್ರದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮತದಾರರು ಇರುತ್ತಾರೆ. ಹತ್ತು ಹದಿನೈದು ಜನ ಕಣದಲ್ಲಿ ಇರುತ್ತಾರೆ. ನಾರಾಯಣಪುರ ಎಡದಂಡೆ ಕಾಲುವೆಯ ಕೊನೆಯ ಹೊಲಕ್ಕೆ ನೀರು ಬರುವ ಬಗ್ಗೆ ಒಬ್ಬೊಬ್ಬರ ನಿಲುವು ಏನು? ತೊಗರಿ ಬೆಲೆ ಬಗ್ಗೆ ಏನು? ಖಾಲಿ ಬಿದ್ದಿರುವ ಶಿಕ್ಷಕರ ಹುದ್ದೆ ಬಗ್ಗೆ ಏನು? ಇದನ್ನು ತಿಳಿಯಲು ಕೂಲಿಗೆ ಹೋಗುವ ಹೆಣ್ಣುಮಗಳು ನಾಲ್ಕು ದಿನದ ಕೂಲಿ ಕಳೆದುಕೊಳ್ಳಬೇಕು. ಇಷ್ಟಾಗಿ ಅವರ ಒಂದು ಮತದಿಂದ ಫಲಿತಾಂಶ ಬದಲಾಗುವುದು ತೀರಾ ಅಪರೂಪ. ಅಪರೂಪ ಅಂದೆ, ಆಗುವುದೇ ಇಲ್ಲ ಅನ್ನಲಿಲ್ಲ. 2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ಧ್ರುವನಾರಾಯಣ ಅವರು ಒಂದೇ ಮತದಿಂದ ಗೆದ್ದರು. ಆದರೂ ಪ್ರತಿ ಮತದಾರರೂ ಎಲ್ಲಾ ಅಭ್ಯರ್ಥಿಗಳನ್ನು ಓದಿಕೊಂಡು ಬರಬೇಕು ಅನ್ನುವುದು ಆಗದ ಮಾತು. ಜನ ತಿಳಿಯದೇ ಇರುವುದು ದಡ್ಡತನ ಅಲ್ಲ, ಅದು ಅವರ ಮಟ್ಟಿಗೆ ಸರಿಯಾದ ಲೆಕ್ಕ ಅಂತ ಅಮೆರಿಕದ ಅರ್ಥಶಾಸ್ತ್ರಜ್ಞ ಆಂಥನಿ ಡೌನ್ಸ್ 1957ರಲ್ಲಿ ವಾದಿಸಿದರು. ನನಗೆ ಅವರ ಮೇಲೆ ಗೌರವ ಹೆಚ್ಚಾಗಿದ್ದು ಈ ಮಾತಿಗೇ. ಬಡವರ ಅಜ್ಞಾನ ಅಂತ ಬೈಯುವವರು ಆ ಹೆಣ್ಣುಮಗಳ ಕೂಲಿಯ ಲೆಕ್ಕ ಹಾಕಿರುವುದಿಲ್ಲ.

ಇಲ್ಲಿ ಪಕ್ಷದ ಚಿಹ್ನೆ ಅಂಗಡಿಯ ಹೆಸರಿನ ಕೆಲಸ ಮಾಡುತ್ತದೆ. ಈ ಗುರುತಿನವರು ಹೋದ ಸಲ ಏನು ಮಾಡಿದರು, ಯಾರ ಪರ ನಿಂತರು ಅನ್ನುವ ಹತ್ತು ವರ್ಷದ ನೆನಪು ಒಂದು ಚಿತ್ರದಲ್ಲಿ ಸಿಗುತ್ತದೆ. 1951-52ರ ಮೊದಲ ಮಹಾ ಚುನಾವಣೆ ಹೊತ್ತಿಗೆ ದೇಶದಲ್ಲಿ ಓದು ಬರಹ ಬಲ್ಲವರು ನೂರಕ್ಕೆ 18 ಜನ. ಆಗ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಮತಪೆಟ್ಟಿಗೆ. ಅದರ ಮೇಲೆ ಚಿಹ್ನೆ ಅಂಟಿಸಿದ್ದರು. ನಾಲ್ಕು ವರ್ಷದ ಹಿಂದೆ ನಿಜಾಮರ ಆಳ್ವಿಕೆಯಲ್ಲಿದ್ದ ನಮ್ಮ ಹಿರಿಯರು ಆ ಚಿತ್ರ ನೋಡಿ ಮತ ಹಾಕಿದರು. ಕಾನೂನೂ ಪಕ್ಷಕ್ಕೆ ಅನುಕೂಲ ಮಾಡಿಕೊಟ್ಟಿದೆ. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ನಾಮಪತ್ರಕ್ಕೆ ಸಹಿ ಹಾಕುವ ಒಬ್ಬ ಸೂಚಕರು ಸಾಕು, ಪಕ್ಷೇತರರಿಗೆ 10 ಜನ ಬೇಕು. ಪಕ್ಷೇತರರಿಗೆ ಚಿಹ್ನೆ ಸಿಗುವುದು ಕೊನೆಯ ಗಳಿಗೆಯಲ್ಲಿ. 2023ರಲ್ಲಿ ನಮ್ಮ ವಿಧಾನಸಭೆಯ 224 ಸ್ಥಾನಗಳಲ್ಲಿ ಪಕ್ಷೇತರರು ಗೆದ್ದಿದ್ದು 2. ಅವರು ಒಳ್ಳೆಯವರಲ್ಲದ ಕಾರಣಕ್ಕೆ ಸೋಲುತ್ತಾರೆ ಅಂತ ಅಲ್ಲ. ತಾನು ಯಾರು ಅಂತ ಎರಡು ಲಕ್ಷ ಜನರಿಗೆ ಮೊದಲಿಂದ ತಿಳಿಸುವ ಖರ್ಚನ್ನು ಒಬ್ಬ ಮನುಷ್ಯ ಹೊರಲಾರ.

ಈಗ ನಿಮ್ಮ "ಒಳ್ಳೆಯ ಮನುಷ್ಯ"ನ ವಿಷಯಕ್ಕೆ ಬರುತ್ತೇನೆ. ಒಬ್ಬ ಒಳ್ಳೆಯ ಪಕ್ಷೇತರ ಗೆದ್ದ ಅಂತ ಇಟ್ಟುಕೊಳ್ಳಿ. ಮೂರನೇ ವರ್ಷ ಅವನ ಮನಸ್ಸು ಬದಲಾಯಿತು. ಇನ್ನೊಮ್ಮೆ ನಿಲ್ಲುವ ಆಸೆ ಇಲ್ಲ. ಅವನನ್ನು ಹಿಡಿಯುವುದು ಹೇಗೆ? ಊರಿಗೆ ಬಂದ ಆ ಹೊಸ ವ್ಯಾಪಾರಿಯ ಹಾಗೆ ಅವನು ಹೋಗಿಬಿಡಬಹುದು. ಪಕ್ಷದ ಶಾಸಕ ಹಾಗೆ ಹೋದರೂ ಚಿಹ್ನೆ ಇಲ್ಲೇ ಇರುತ್ತದೆ. ಮುಂದಿನ ಚುನಾವಣೆಯಲ್ಲಿ ಆ ಚಿಹ್ನೆ ಹಿಡಿದು ಬಂದ ಹೊಸ ಹುಡುಗನ ಮುಂದೆ ಜನ ಹಳೆಯ ಬಾಕಿ ಇಡುತ್ತಾರೆ. ತಾನು ಮಾಡದ ತಪ್ಪಿಗೆ ಅವನು ಉತ್ತರ ಕೊಡಬೇಕು. ಇದು ಅನ್ಯಾಯ ಅನಿಸಬಹುದು, ಆದರೆ ಪಕ್ಷದಿಂದ ಮತದಾರರಿಗೆ ಸಿಗುವ ಅತಿ ದೊಡ್ಡ ಲಾಭ ಇದೇ ಅಂತ ನಾನು ನಂಬಿದ್ದೇನೆ. ಮನುಷ್ಯನ ಆಯುಷ್ಯಕ್ಕಿಂತ ಸಾಲದ ಪುಸ್ತಕದ ಆಯುಷ್ಯ ಉದ್ದ ಇರಬೇಕು. ಇಲ್ಲದಿದ್ದರೆ ವಸೂಲಿ ಆಗುವುದಿಲ್ಲ.

ಗೆದ್ದ ಮೇಲಿನ ಖರ್ಚು ಇನ್ನೂ ದೊಡ್ಡದು. 224 ಒಳ್ಳೆಯ ಪಕ್ಷೇತರರು ವಿಧಾನಸೌಧದಲ್ಲಿ ಕೂತಿದ್ದಾರೆ ಅಂದುಕೊಳ್ಳಿ. ಬೀದರ್‌ನಿಂದ 6, ಕಲಬುರಗಿಯಿಂದ 9, ಯಾದಗಿರಿಯಿಂದ 4 ಜನ. ಒಟ್ಟು 19. ಯಾವುದಾದರೂ ಕೆಲಸಕ್ಕೆ ಬಹುಮತ ಬೇಕಾದರೆ 113. ಉಳಿದ 94 ಜನರನ್ನು ಒಬ್ಬೊಬ್ಬರಾಗಿ ಒಪ್ಪಿಸಬೇಕು. ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಗೊತ್ತಲ್ಲ. ಇವತ್ತು ನಿಮ್ಮ ಹೊಲಕ್ಕೆ ನಾನು, ನಾಳೆ ನಮ್ಮ ಹೊಲಕ್ಕೆ ನೀವು. ಶಾಸಕರೂ ಅದನ್ನೇ ಮಾಡುತ್ತಾರೆ. ನಿಮ್ಮ ಬಂದರಿಗೆ ನಾನು ಕೈ ಎತ್ತುತ್ತೇನೆ, ನಮ್ಮ ಕಾಲುವೆಗೆ ನೀವು ಎತ್ತಿ. ಆದರೆ ಹಳ್ಳಿಯಲ್ಲಿ ಮುಯ್ಯಿ ತೀರಿಸದವರಿಗೆ ಮರುದಿನ ಮುಖ ತೋರಿಸಲು ಆಗುವುದಿಲ್ಲ. ಸಭೆಯಲ್ಲಿ ಹಾಗಲ್ಲ. ನಿಮ್ಮ ಕೆಲಸ ಈ ವರ್ಷ ಆಗುತ್ತದೆ, ನನ್ನದು ಮೂರು ವರ್ಷ ಬಿಟ್ಟು. ಅಷ್ಟರಲ್ಲಿ ನೀವು ಮಾತು ಮರೆತರೆ? ಆ ಮುಯ್ಯಿಯ ಲೆಕ್ಕವನ್ನು ಇಟ್ಟುಕೊಂಡು, ತೀರಿಸುವಂತೆ ನೋಡಿಕೊಳ್ಳುವವರು ಒಬ್ಬರು ಬೇಕು. ಪಕ್ಷ ಆ ಲೆಕ್ಕದ ಪುಸ್ತಕ.

ಅಮೆರಿಕದಲ್ಲಿ 1790ರಲ್ಲಿ ಇಂಥದ್ದೇ ಒಂದು ಮುಯ್ಯಿ ನಡೆಯಿತು. ರಾಜ್ಯಗಳ ಯುದ್ಧದ ಸಾಲವನ್ನು ಕೇಂದ್ರ ಹೊರಬೇಕು ಅಂತ ಹ್ಯಾಮಿಲ್ಟನ್ ಹಟ. ದಕ್ಷಿಣದವರು ಒಪ್ಪಲಿಲ್ಲ. ಕೊನೆಗೆ ರಾಜಧಾನಿ ದಕ್ಷಿಣದ ಪೊಟೊಮ್ಯಾಕ್ ನದಿ ದಡಕ್ಕೆ ಬರುವುದು, ಸಾಲದ ಮಸೂದೆ ಪಾಸಾಗುವುದು ಅಂತ ಮಾತಾಯಿತು. ಒಂದು ಸಲ ಇದು ನಾಲ್ಕು ಜನರ ಮಾತಿನಲ್ಲಿ ಮುಗಿಯಬಹುದು. ದಿನಾ ನಡೆಯಬೇಕಾದರೆ ಸಂಘಟನೆ ಬೇಕು.

ನಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿಯನ್ನೇ ನೋಡಿ. ಈ ಭಾಗಕ್ಕೆ ಉದ್ಯೋಗ ಮತ್ತು ಶಿಕ್ಷಣದಲ್ಲಿ ಮೀಸಲು ಬೇಕು, ಅಭಿವೃದ್ಧಿಗೆ ಬೇರೆ ಮಂಡಳಿ ಬೇಕು ಅಂತ ವೈಜನಾಥ ಪಾಟೀಲರಂಥವರು ದಶಕಗಳ ಕಾಲ ಹೋರಾಡಿದರು. ಆ ಹೋರಾಟ ಇಲ್ಲದೆ ಏನೂ ಆಗುತ್ತಿರಲಿಲ್ಲ. ಆದರೆ ಸಂವಿಧಾನ ತಿದ್ದಲು ಎರಡೂ ಸದನಗಳಲ್ಲಿ ಮತ ಹಾಕಿದವರ ಮೂರನೇ ಎರಡು ಭಾಗ ಬೇಕು. ಲೋಕಸಭೆಯ 543 ಸ್ಥಾನಗಳಲ್ಲಿ ನಮ್ಮ ಭಾಗದವು 5. ಅಸ್ಸಾಮಿನ, ಕೇರಳದ ಸಂಸದರಿಗೆ ಕಲಬುರಗಿಯ ಕಷ್ಟ ಏನು ಗೊತ್ತು? ಪಕ್ಷಗಳು ತಮ್ಮೊಳಗೆ ಒಪ್ಪಿದ ಮೇಲೆ 2012ರಲ್ಲಿ 98ನೇ ತಿದ್ದುಪಡಿ ಪಾಸಾಯಿತು. ಐದು ಜನ ಒಳ್ಳೆಯ ಪಕ್ಷೇತರರು ಒಂದೊಂದೇ ಬಾಗಿಲು ತಟ್ಟಿ ಅಷ್ಟು ಮತ ಕೂಡಿಸುವುದು ನನಗಂತೂ ಊಹೆಗೆ ನಿಲುಕುವುದಿಲ್ಲ. ಸಂಖ್ಯೆಯಲ್ಲಿ ಕಡಿಮೆ ಇರುವ ನಮ್ಮಂಥ ಭಾಗಕ್ಕೇ ಪಕ್ಷ ಹೆಚ್ಚು ಬೇಕು.

ಇನ್ನೊಂದು ತೊಡಕು ಇದೆ. ನೀವು ಸಭೆಯಲ್ಲಿ ಕೂತವರು, ಬೇಗ ಅರ್ಥವಾಗುತ್ತದೆ. ಮೂವರು ಸದಸ್ಯರು, ಹಣ ಒಂದೇ ಕೆಲಸಕ್ಕೆ. ಮೊದಲನೆಯವರಿಗೆ ಚರಂಡಿ ಮೊದಲು, ಆಮೇಲೆ ಬೋರ್‌ವೆಲ್, ಕೊನೆಗೆ ಸಮುದಾಯ ಭವನ. ಎರಡನೆಯವರಿಗೆ ಬೋರ್‌ವೆಲ್, ಭವನ, ಚರಂಡಿ. ಮೂರನೆಯವರಿಗೆ ಭವನ, ಚರಂಡಿ, ಬೋರ್‌ವೆಲ್. ಮತಕ್ಕೆ ಹಾಕಿ. ಬೋರ್‌ವೆಲ್ ಎದುರು ಚರಂಡಿ ಎರಡು ಮತ ಪಡೆದು ಗೆಲ್ಲುತ್ತದೆ. ಭವನದ ಎದುರು ಬೋರ್‌ವೆಲ್ ಗೆಲ್ಲುತ್ತದೆ. ಹಾಗಾದರೆ ಭವನದ ಎದುರು ಚರಂಡಿ ಗೆಲ್ಲಬೇಕಲ್ವಾ? ಇಲ್ಲ, ಭವನ ಗೆಲ್ಲುತ್ತದೆ! ಗಾಣದ ಎತ್ತಿನ ಹಾಗೆ ಸುತ್ತುತ್ತಲೇ ಇರಬಹುದು. ಮೂವರೂ ಒಳ್ಳೆಯವರೇ, ಮೂವರ ಆಸೆಯೂ ಸರಿಯೇ. ಫ್ರಾನ್ಸಿನ ಕೊಂಡೊರ್ಸೆ 1785ರಲ್ಲೇ ಇದನ್ನು ತೋರಿಸಿದರು. ಮತಕ್ಕೆ ಮೊದಲು ಯಾವ ವಿಷಯ ಇಡುವುದು ಅನ್ನುವವರ ಕೈಯಲ್ಲಿ ಎಲ್ಲಾ ಇರುತ್ತದೆ. ಪಕ್ಷ ಇದ್ದರೆ ಈ ಜಗಳ ಚುನಾವಣೆಗೆ ಮುಂಚೆ, ಪಕ್ಷದ ಒಳಗೆ ನಡೆದು, ಒಂದು ಪಟ್ಟಿಯಾಗಿ ಜನರ ಮುಂದೆ ಬರುತ್ತದೆ. ಪ್ರಣಾಳಿಕೆ ಅಂದರೆ ಅದೇ.

ಹಾಗಾದರೆ ನಿಮ್ಮ ಗ್ರಾಮ ಪಂಚಾಯಿತಿ ಪಕ್ಷ ಇಲ್ಲದೆ ಹೇಗೆ ನಡೆಯಿತು? ಅಲ್ಲಿ ಈ ಖರ್ಚುಗಳೇ ಇಲ್ಲ. ನಮ್ಮ ಕಾನೂನಿನ ಪ್ರಕಾರ 400 ಜನಸಂಖ್ಯೆಗೆ ಒಬ್ಬ ಸದಸ್ಯ. ನಿಮ್ಮ ಅಜ್ಜ ಯಾರು, ನೀವು ಕೈಸಾಲ ತೀರಿಸುತ್ತೀರೋ ಇಲ್ಲವೋ ಎಲ್ಲಾ ಆ 400 ಜನರಿಗೆ ಗೊತ್ತು. ಚಿಹ್ನೆ ಹೇಳಬೇಕಾದ್ದು ಏನೂ ಉಳಿದಿಲ್ಲ. ಕೆನಡಾದ ಉತ್ತರದ ಹಿಮದ ನಾಡು ನುನಾವುಟ್‌ನಲ್ಲಿ ಶಾಸನಸಭೆಗೂ ಪಕ್ಷಗಳಿಲ್ಲ. ಅಲ್ಲಿನ ಇಡೀ ಜನಸಂಖ್ಯೆ 40 ಸಾವಿರದ ಆಸುಪಾಸು, ಸಭೆಯಲ್ಲಿ 22 ಜನ. ನಮ್ಮ ಒಂದು ಕ್ಷೇತ್ರಕ್ಕಿಂತ ಎಷ್ಟೋ ಚಿಕ್ಕದು.

ಆದರೂ ನಿಮ್ಮ ಪಂಚಾಯಿತಿಯಲ್ಲೇ ಒಂದು ದಿನ ಪಕ್ಷದ ಕೊರತೆ ಕಂಡಿರಬೇಕು. ಅಧ್ಯಕ್ಷರ ಆಯ್ಕೆಯ ದಿನ. ಅದಕ್ಕೆ ವಾರದ ಮುಂಚೆ ಸದಸ್ಯರನ್ನು ಗಾಡಿಯಲ್ಲಿ ಕೂಡಿಸಿಕೊಂಡು ದೂರದ ಊರಿಗೆ "ಪ್ರವಾಸ" ಕರೆದುಕೊಂಡು ಹೋಗುವುದು ನಮ್ಮ ಮೂರೂ ಜಿಲ್ಲೆಗಳಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಯಾಕೆ ಕರೆದೊಯ್ಯುತ್ತಾರೆ? ಸದಸ್ಯರನ್ನು ಕಟ್ಟಿಹಾಕುವ ಹೆಸರು, ನಿಯಮ, ನಾಳೆಯ ಭಯ ಯಾವುದೂ ಅಲ್ಲಿಲ್ಲ. ಆದ್ದರಿಂದ ಮನುಷ್ಯರನ್ನೇ ಕಾಯಬೇಕು. ಆ ಲಾಡ್ಜಿನ ಬಾಡಿಗೆ, ಊಟ, ಡೀಸೆಲ್ ಎಲ್ಲಾ ಸೇರಿ ಪಕ್ಷ ಇಲ್ಲದ ಬಹುಮತದ ಬೆಲೆ. ಆ ದುಡ್ಡನ್ನು ಹಾಕಿದವರು ಮುಂದೆ ಯಾವ ಕಾಮಗಾರಿಯಿಂದ ತೆಗೆಯುತ್ತಾರೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ತೊಗರಿಯ ಮಾತು ಎತ್ತದೆ ನನ್ನ ಉತ್ತರ ಪೂರ್ತಿ ಆಗುವುದಿಲ್ಲ. 2015ರ ಕೊನೆಗೆ ಪೇಟೆಗಳಲ್ಲಿ ತೊಗರಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತು. 2016ರಲ್ಲಿ ಮೊಜಾಂಬಿಕ್‌ನಿಂದ ಬೇಳೆಕಾಳು ತರಿಸಲು ಸರ್ಕಾರ ಒಪ್ಪಂದ ಮಾಡಿಕೊಂಡಿತು. ಆ ವರ್ಷ ನಮ್ಮಲ್ಲೂ ಬೆಳೆ ಭರ್ಜರಿ ಬಂತು. ಬೋನಸ್ ಸೇರಿ ಕ್ವಿಂಟಲ್‌ಗೆ 5,050 ರೂಪಾಯಿ ಇದ್ದ ಬೆಂಬಲ ಬೆಲೆಗಿಂತ ಪೇಟೆ ಧಾರಣೆ ಕೆಳಗೆ ಬಿತ್ತು. ಆಗ ಗಂಜಿನಲ್ಲಿ ಚೀಲದ ಮೇಲೆ ಸುಮ್ನೆ ಕೂತಿದ್ದ ರೈತರ ಮುಖ ನಾನು ಮರೆತಿಲ್ಲ. ಈಗ ಲೆಕ್ಕ ನೋಡಿ. ಆಮದು ಮಾಡುವವರು ಕೆಲವೇ ಜನ, ಫೋನಿನಲ್ಲಿ ಮಾತಾಡಿ ಒಂದಾಗಬಲ್ಲರು. ಬೆಳೆಯುವವರು ಲಕ್ಷಾಂತರ. ಬೇಳೆ ಉಣ್ಣುವವರು ಕೋಟ್ಯಂತರ, ಅವರು ಎಂದೂ ಒಂದಾಗಲಾರರು. ಚಿಕ್ಕ ಗುಂಪು ಸುಲಭವಾಗಿ ಸಂಘಟನೆ ಆಗುತ್ತದೆ, ದೊಡ್ಡ ಗುಂಪಿನಲ್ಲಿ ಎಲ್ಲರೂ ಇನ್ನೊಬ್ಬರು ಮಾಡಲಿ ಅಂತ ಕಾಯುತ್ತಾರೆ ಅಂತ ಅಮೆರಿಕದ ಅರ್ಥಶಾಸ್ತ್ರಜ್ಞ ಮ್ಯಾನ್ಸರ್ ಓಲ್ಸನ್ 1965ರಲ್ಲಿ ವಿವರಿಸಿದರು. ಸಂಘ ಕಟ್ಟಲಾರದ ಈ ದೊಡ್ಡ ಗುಂಪುಗಳನ್ನು ಕೇಳುವವರು ಯಾರು? ಇಬ್ಬರ ಮತವೂ ಬೇಕಾದ ಪಕ್ಷ ಮಾತ್ರ. ದೊಡ್ಡ ಪಕ್ಷದ ಮಡಿಲಲ್ಲಿ ತೊಗರಿ ಬೆಳೆಯುವವರೂ ಇರುತ್ತಾರೆ, ಬೇಳೆ ಕೊಳ್ಳುವವರೂ ಇರುತ್ತಾರೆ. ಒಬ್ಬರನ್ನು ಪೂರ್ತಿ ಕೈಬಿಟ್ಟರೆ ಅದಕ್ಕೆ ನಷ್ಟ. ನಮ್ಮ ಭಾಗದ ರೈತರಿಗೆ ಇದು ಸಾಲುತ್ತಿಲ್ಲ, ಖಂಡಿತ ಸಾಲುತ್ತಿಲ್ಲ. ಆದರೆ ಪಕ್ಷವೇ ಇಲ್ಲದಿದ್ದರೆ ಆ ಫೋನಿನ ಮಾತು ಮಾತ್ರ ಉಳಿಯುತ್ತಿತ್ತು.

ಇಷ್ಟು ಹೇಳಿದೆ ಅಂತ ಈಗಿನ ಪಕ್ಷಗಳು ಚೆನ್ನಾಗಿವೆ ಅಂತ ತಿಳಿಯಬೇಡಿ. ಅಂಗಡಿಯ ಹೆಸರಿಗೆ ಬೆಲೆ ಇದೆ ಅಂದ ಮೇಲೆ ಅದನ್ನು ಕದ್ದು ಮಾರುವವರೂ ಇರುತ್ತಾರೆ. 1967ರಲ್ಲಿ ಹರಿಯಾಣದ ಶಾಸಕ ಗಯಾ ಲಾಲ್ ಹದಿನೈದು ದಿನದಲ್ಲಿ ಮೂರು ಸಲ ಪಕ್ಷ ಬದಲಿಸಿದರು. ಇಂಥದ್ದನ್ನು ತಡೆಯಲು ಆಗಲೇ ಹೇಳಿದ 1985ರ ಕಾನೂನು ಬಂತು. ಶಾಸಕರಲ್ಲಿ ಮೂರನೇ ಒಂದು ಭಾಗ ಹೊರಬಂದರೆ ಅದನ್ನು ಪಕ್ಷದ ಒಡಕು ಅಂತ ಒಪ್ಪುವ ರಿಯಾಯಿತಿ ಅದರಲ್ಲಿತ್ತು. 2003ರಲ್ಲಿ ಅದನ್ನು ತೆಗೆದರು. 2019ರಲ್ಲಿ ನಮ್ಮ ರಾಜ್ಯದ 17 ಶಾಸಕರು ಅನರ್ಹರಾದರು. ಸುಪ್ರೀಂ ಕೋರ್ಟ್ ಅನರ್ಹತೆ ಸರಿ ಅಂದಿತು, ಆದರೆ ಮತ್ತೆ ನಿಲ್ಲಬಹುದು ಅಂದಿತು. ನಿಂತರು, ಬಹಳಷ್ಟು ಜನ ಗೆದ್ದರು. ಒಂದು ಚಿಹ್ನೆಯ ಹೆಸರಿನಲ್ಲಿ ಪಡೆದ ನಂಬಿಕೆಯನ್ನು ಇನ್ನೊಂದು ಅಂಗಡಿಗೆ ಸಾಗಿಸಿದವರಿಗೆ ದಂಡ ಬೀಳಲಿಲ್ಲ ಅಂದರೆ ಚಿಹ್ನೆಯ ಮೇಲಿನ ನಂಬಿಕೆ ಸವೆಯುತ್ತದೆ.

ಅದೇ ಕಾನೂನು ಇನ್ನೊಂದು ಕಡೆ ಅತಿಯಾಯಿತು. ವಿಪ್, ಅಂದರೆ ಹೀಗೇ ಮತ ಹಾಕಿ ಅನ್ನುವ ಪಕ್ಷದ ಆದೇಶ, ಮೀರಿ ಮತ ಹಾಕಿದರೆ ಸದಸ್ಯತ್ವವೇ ಹೋಗುತ್ತದೆ. ಸರ್ಕಾರ ಉರುಳಿಸುವ ವಿಷಯಕ್ಕೆ ಇದು ಸರಿ. ಕಾಲುವೆ ನೀರಿನ ಮಸೂದೆಗೂ ಇದೇ ಆದರೆ ನಮ್ಮ ಶಾಸಕರು ಅಲ್ಲಿ ಯಾಕೆ ಕೂರಬೇಕು? ವಿಶ್ವಾಸಮತದಂಥ ಸಂದರ್ಭಕ್ಕೆ ಮಾತ್ರ ಇದನ್ನು ಇಟ್ಟುಕೊಳ್ಳಿ ಅಂತ ಚುನಾವಣಾ ಸುಧಾರಣೆಯ ದಿನೇಶ್ ಗೋಸ್ವಾಮಿ ಸಮಿತಿ 1990ರಲ್ಲೇ ಹೇಳಿತ್ತು. ಆ ಮಾತು ಇನ್ನೂ ಕಡತದಲ್ಲೇ ಇದೆ.

ಅಂಗಡಿಯ ಮಾಲೀಕರು ಯಾರು ಅನ್ನುವುದು ಇನ್ನೂ ಕಷ್ಟದ ಪ್ರಶ್ನೆ. ಚಿಂಚೋಳಿಯ ವೀರೇಂದ್ರ ಪಾಟೀಲರ ಮುಂದಾಳತ್ವದಲ್ಲಿ 1989ರಲ್ಲಿ ಅವರ ಪಕ್ಷ 178 ಸ್ಥಾನ ಗೆದ್ದಿತು. ಮರುವರ್ಷ ಅವರು ಮುಖ್ಯಮಂತ್ರಿ ಸ್ಥಾನ ಬಿಡಬೇಕಾಯಿತು. ಆ ತೀರ್ಮಾನ ಮಾಡಿದ್ದು ಬೆಂಗಳೂರಿನ ಶಾಸಕರ ಸಭೆ ಅಲ್ಲ, ದೆಹಲಿಯ ನಾಯಕರು. ಹೆಸರು ಕಟ್ಟುವವರು ಒಂದು ಕಡೆ, ಹೆಸರಿನ ಮಾಲೀಕರು ಇನ್ನೊಂದು ಕಡೆ ಆದಾಗ ಕಾರ್ಯಕರ್ತರು ಜನರ ಕಡೆ ನೋಡುವುದು ಬಿಟ್ಟು ಮಾಲೀಕರ ಕಡೆ ನೋಡುತ್ತಾರೆ. ಹಣದ ಕಥೆಯೂ ಇದಕ್ಕೆ ಸೇರಿಕೊಂಡಿದೆ. ವಿಧಾನಸಭೆಗೆ ನಿಂತವರು 40 ಲಕ್ಷ ರೂಪಾಯಿಗಿಂತ ಜಾಸ್ತಿ ಖರ್ಚು ಮಾಡುವಂತಿಲ್ಲ. ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ. ಯಾರು ಕೊಟ್ಟರು ಅಂತ ಮುಚ್ಚಿಟ್ಟಿದ್ದ ಚುನಾವಣಾ ಬಾಂಡ್‌ಗಳನ್ನು ಸುಪ್ರೀಂ ಕೋರ್ಟ್ 2024ರ ಫೆಬ್ರುವರಿಯಲ್ಲಿ ರದ್ದು ಮಾಡಿದ್ದು ನನಗೆ ಸಮಾಧಾನ ತಂದ ತೀರ್ಪು. ಅಡತ್ ಅಂಗಡಿಗೆ ಬಂಡವಾಳ ಹಾಕಿದವರು ಯಾರು ಅಂತ ಗೊತ್ತಿಲ್ಲದಿದ್ದರೆ ತಕ್ಕಡಿ ಯಾರ ಕಡೆ ವಾಲುತ್ತದೆ ಅಂತ ರೈತರಿಗೆ ಹೇಗೆ ತಿಳಿಯಬೇಕು?

ಈಗ ನಿಮ್ಮನ್ನು ಕರೆಯುತ್ತಿರುವ ಎರಡು ಪಕ್ಷಗಳ ವಿಷಯ. ತಾಲೂಕು ಪಂಚಾಯಿತಿಗೆ ಹಲವು ಹಳ್ಳಿಗಳ ಮತ ಬೇಕು. ಪಕ್ಕದ ಊರಿನವರಿಗೆ ನಿಮ್ಮ ಅಜ್ಜ ಗೊತ್ತಿಲ್ಲ. ಅಲ್ಲಿಂದಲೇ ಚಿಹ್ನೆಗೆ ಬೆಲೆ ಶುರುವಾಗುತ್ತದೆ. ಆದ್ದರಿಂದ ಪಕ್ಷದ ಟಿಕೆಟ್ ತೆಗೆದುಕೊಳ್ಳುವುದರಲ್ಲಿ ಅವಮಾನ ಏನೂ ಇಲ್ಲ. ಆದರೆ ಒಪ್ಪುವ ಮುಂಚೆ ಇಬ್ಬರಿಗೂ ಮೂರು ವಿಷಯ ಕೇಳಿ. ಟಿಕೆಟ್ ತೀರ್ಮಾನ ತಾಲೂಕಿನ ಕಾರ್ಯಕರ್ತರ ಸಭೆಯಲ್ಲಿ ಆಗುತ್ತದಾ ಅಥವಾ ಒಬ್ಬರ ಮನೆಯ ಪಡಸಾಲೆಯಲ್ಲಾ? ಕಾಲುವೆ ಕೊನೆಯ ಊರುಗಳ ನೀರು, ತೊಗರಿ ಖರೀದಿ ಕೇಂದ್ರ ತೆರೆಯುವ ದಿನ, ಇವುಗಳ ಬಗ್ಗೆ ಪಕ್ಷದ ಹೆಸರಿನಲ್ಲಿ ಬರೆದು ಕೊಡುತ್ತಾರಾ? ಚುನಾವಣೆ ಖರ್ಚು ಯಾರದು? ಪೂರ್ತಿ ನಿಮ್ಮದೇ ಅಂದರೆ ಅವರು ನಿಮಗೆ ಚಿಹ್ನೆಯನ್ನು ಮಾರುತ್ತಿದ್ದಾರೆ ಅಂತ ಅರ್ಥ. ಕೊಂಡವರು ಗೆದ್ದ ಮೇಲೆ ಮಾರಲೇಬೇಕಾಗುತ್ತದೆ. ಅಂಥ ಕಡೆ ಹೋಗಬೇಡಿ.

ಇಬ್ಬರೂ ಏನು ಉತ್ತರ ಕೊಟ್ಟರು ಅಂತ ನನಗೆ ಬರೆದು ತಿಳಿಸಿ. ನಾನು ಕಾಯುತ್ತಿರುತ್ತೇನೆ.